ಸಿಮೆಂಟ್ ಪಟ್ಟಿಗೆ ನೀರು

ನಾನು ಬಸವಕಲ್ಯಾಣದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಅಸ್ಥಿಪಂಜರದ ಪಾಠ ಬಂತೆಂದರೆ ನನಗೆ ಹಬ್ಬ. ತಲೆಬುರುಡೆಯಿಂದ ಕಾಲ್ಬೆರಳ ತನಕ ಇನ್ನೂರಾ ಆರು ಎಲುಬುಗಳ ಲೆಕ್ಕ ಒಂದೇ ಉಸಿರಿಗೆ ಒಪ್ಪಿಸುತ್ತೇನೆ. ನಡುವೆ ಯಾರಾದರೂ ಪಿಸುಗುಟ್ಟಿದರೆ ರೇಗುತ್ತೇನೆ. ಇಷ್ಟೆಲ್ಲ ಗೊತ್ತಿದ್ದೂ ಮನೆಯಲ್ಲಿ ಮುರಿದ ಒಂದೇ ಒಂದು ಎಲುಬನ್ನು ನೆಟ್ಟಗೆ ಕಾಯಲು ನನ್ನಿಂದ ಆಗಲಿಲ್ಲ. ನೆನೆದರೆ ಈಗಲೂ ನಗು, ನಾಚಿಕೆ ಎರಡೂ ಒಟ್ಟಿಗೇ ಬರುತ್ತವೆ.

ನಮ್ಮ ಮನೆ ಇರುವುದು ರಾಜೇಶ್ವರದಲ್ಲಿ. ಕುರಿ ಸಾಕಿ ತೊಗರಿ ಬೆಳೆಯುವ ಮನೆತನ. ನನ್ನ ಅತ್ತೆಯ ಬಲಗೈಗೆ ಊರಲ್ಲಿ ಹೆಸರಿತ್ತು. ಯಾರ ಮನೆಯ ಕುರಿಗೇ ಆಗಲಿ ಹೊಟ್ಟೆಯಲ್ಲಿ ಮರಿ ಅಡ್ಡ ಸಿಕ್ಕಿಕೊಂಡರೆ ಮೊದಲು ಅವರನ್ನೇ ಕರೆಯುತ್ತಿದ್ದರು. ಅವರದು ಸಣ್ಣ ಕೈ, ಉದ್ದ ಬೆರಳು. ಮೊಣಕೈ ತನಕ ತೊಳೆದು, ಎಣ್ಣೆ ಹಚ್ಚಿ, ಕುರಿಯ ಒಳಗೆ ಕೈಹಾಕಿ, ಕಣ್ಣು ಮುಚ್ಚಿಕೊಂಡು ಮರಿಯನ್ನು ತಿರುಗಿಸಿ ಹೊರಗೆ ತರುತ್ತಿದ್ದರು. ಅದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಕರೆಯಲು ಬಂದರೆ ಸಾಕು, ಅವರ ಮುಖ ಅರಳುತ್ತಿತ್ತು.

ಹೋದ ವರ್ಷ ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸಿದೆವು. ಗೋಡೆ ಎದ್ದ ಮೇಲೆ ಗೌಂಡಿ, "ಮುಂಜಾನಿ ಸಂಜೀಕ ನೀರ್ ಹೊಡೀರಿ, ಇಲ್ಲಾಂದ್ರ ಸಿಮೆಂಟ್ ಬಿರೀತದ" ಎಂದು ಹೇಳಿ ಹೋದ. ಅತ್ತೆ ಅದನ್ನು ವ್ರತದಂತೆ ಹಿಡಿದರು. ಹೀಗೇ ಒಂದು ಮುಂಜಾನೆ ತಾವೇ ಒದ್ದೆ ಮಾಡಿದ ಹೊಸ್ತಿಲ ಮೇಲೆ ಜಾರಿ ಬಲಗೈ ಊರಿ ಬಿದ್ದರು. ನೋಡನೋಡುತ್ತಲೇ ಮಣಿಕಟ್ಟು ಊದಿ ಸೊಟ್ಟಗಾಯಿತು.

ಹುಮನಾಬಾದಿನ ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೊಣಕೈಯಿಂದ ಮಣಿಕಟ್ಟಿಗೆ ಎರಡು ಎಲುಬು ಬರುತ್ತವೆ. ಅಂಗೈ ಮೇಲೆ ಮಾಡಿದಾಗ ಅವು ಪಕ್ಕಪಕ್ಕದಲ್ಲಿ ಮಲಗಿರುತ್ತವೆ; ಅಂಗೈ ಕವುಚಿದರೆ ಹೆಬ್ಬೆರಳ ಕಡೆಯದು ಇನ್ನೊಂದರ ಮೇಲೆ ದಾಟಿ ಹೋಗುತ್ತದೆ. ಬೀಗ ತೆಗೆಯುವುದು, ಸಾರು ಬಡಿಸುವುದು, ಮರಿ ತಿರುಗಿಸುವುದು ಎಲ್ಲಕ್ಕೂ ಈ ದಾಟುವಿಕೆಯೇ ಬೇಕು. ಅತ್ತೆಗೆ ಮುರಿದದ್ದು ಹಾಗೆ ದಾಟುವ ಎಲುಬೇ.

ಅತ್ತೆ ನೋವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಕುರಿಗಿ ಕೈ ಹಾಕಾಕ ಬರ್ತದೇನ್ರಿ ಸಾಹೇಬ್ರ?" ಎಂದಷ್ಟೇ ಕೇಳಿದರು.

"ಎಲುಬು ನೆಟ್ಟಗ ಕೂತ್ರ ಬರ್ತದ್ರಿ ಆಯಿ. ಸೊಟ್ಟ ಕೂತ್ರ ಕೈ ಪೂರಾ ತಿರುಗಂಗಿಲ್ಲ," ಎಂದರು ಡಾಕ್ಟರು. ಎಳೆದು ಕೂಡಿಸಿ ಪಟ್ಟಿ ಹಾಕಿದರು. ಹೊರಡುವಾಗ ಕಂಪೌಂಡರ್ ನನ್ನನ್ನು ಪಕ್ಕಕ್ಕೆ ಕರೆದು, ಪಟ್ಟಿಗೆ ನೀರು ತಾಗಬಾರದು ಎಂದ. ನಾನು ತಲೆಯಾಡಿಸಿದೆ.

ಪ್ಲಾಸ್ಟರ್ ಎಂಬ ಮಾತು ನಮ್ಮ ಊರಲ್ಲಿ ಯಾರ ಬಾಯಲ್ಲೂ ಇಲ್ಲ. ಎಲ್ಲರಿಗೂ ಅದು ಸಿಮೆಂಟ್ ಪಟ್ಟಿ. ಬಸ್ಸಿನಲ್ಲಿ ಕುಳಿತ ಮೇಲೆ ನನ್ನ ಪಾಠ ಶುರುವಾಯಿತು. ಎಲುಬು ಕಲ್ಲಲ್ಲ, ಅದಕ್ಕೂ ಜೀವ ಇದೆ, ಅದರೊಳಗಿನ ಮಜ್ಜೆಯಲ್ಲೇ ರಕ್ತ ಹುಟ್ಟುತ್ತದೆ ಎಂದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಿ, ಆಮೇಲೆ ಮೆತ್ತನೆಯ ಗಂಟು ಬೆಳೆದು, ಅದಕ್ಕೆ ಸುಣ್ಣ ಕೂಡಿ ಗಟ್ಟಿಯಾಗುತ್ತದೆ ಎಂದು ರಾಜೇಶ್ವರ ಬರುವ ತನಕ ಬಿಡಿಸಿ ಹೇಳಿದೆ. ಅತ್ತೆ ಹೂಂಗುಟ್ಟುತ್ತ ಕೇಳಿದರು. ನೀರಿನ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ.

ಎಂಟು ದಿನ ಕಳೆದಿರಬೇಕು, ಸಾಲಿ ಬೇಗ ಬಿಟ್ಟಿತ್ತು. ಹಿತ್ತಲಿಗೆ ಹೋದರೆ ಅತ್ತೆ ಎಡಗೈಯಲ್ಲಿ ತಂಬಿಗೆ ಹಿಡಿದು ಗೋಡೆಗೆ ನೀರು ಎರಚುತ್ತಿದ್ದರು. ಗೋಡೆಗೊಂದು ತಂಬಿಗೆ, ಕೈಯ ಪಟ್ಟಿಗೊಂದು ತಂಬಿಗೆ.

"ಅತ್ತೀ! ಏನ್ ಮಾಡಾಕತ್ತೀರಿ?"

"ನೀರ್ ಹೊಡ್ಯಾಕತ್ತೇನಿ. ಸಿಮೆಂಟಿಗಿ ನೀರ್ ಬ್ಯಾಡೇನು? ಹಚ್ಚೂ ಮುಂದ ಅವರೂ ನೀರಾಗ ಅದ್ದೇ ಹಚ್ಚಿದ್ರು. ಸುಣ್ಣಾನೂ ಕೂಡ್ತದ ಅಂತ ನೀನೇ ಹೇಳಿದಿ. ಒಂದ್ ಹೊತ್ತೂ ತಪ್ಪಿಸಿಲ್ಲ ನೋಡು."

ಅವರ ದನಿಯಲ್ಲಿ ಹೆಮ್ಮೆ ಇತ್ತು. ಮುಟ್ಟಿ ನೋಡಿದರೆ ಪಟ್ಟಿಯ ಅಂಚು ನೆನೆದ ಹಿಟ್ಟಿನಂತೆ ನನ್ನ ಬೆರಳಿಗೆ ಮೆತ್ತಿಕೊಂಡಿತು. ನನ್ನ ಸಿಟ್ಟು ನೆತ್ತಿಗೇರಿತು. ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಕೂಗುತ್ತ ಕೂಗುತ್ತಲೇ ಕಂಪೌಂಡರನ ಮಾತು ನೆನಪಾಯಿತು. ತಪ್ಪು ಯಾರದು ಎಂದು ಅವರಿಗೆ ಹೇಳಿಬಿಟ್ಟೆ. ಅವರು, "ಹೋಗ್ಲಿ ಬಿಡು, ಗ್ವಾಡೀಗರ ಛಲೋ ನೀರ್ ಬಿತ್ತು" ಎಂದರು.

ಮತ್ತೆ ಹುಮನಾಬಾದಿಗೆ ಓಡಿದೆವು. ಡಾಕ್ಟರು ಬೈದದ್ದು ನನಗೇ. "ಸೈನ್ಸ್ ಟೀಚರ್ ಅಲ್ರಿ ನೀವು?" ಎಂದರು. ಎಲುಬು ಸ್ವಲ್ಪ ಸರಿದಿತ್ತು. ಮತ್ತೆ ಎಳೆದು ಹೊಸ ಪಟ್ಟಿ ಹಾಕಿದರು. ಆದರೂ ಒಂದಿಷ್ಟು ಓರೆ ಉಳಿದೇ ಉಳಿಯಿತು.

ಪಟ್ಟಿ ಬಿಚ್ಚಿದಾಗ ಕೈ ಬಡವಾಗಿತ್ತು. ದಿನಾ ಸೌಟು ಹಿಡಿದು ಅಂಗೈಯನ್ನು ಮೇಲೆ ಕೆಳಗೆ ಮಾಡುವ ವ್ಯಾಯಾಮ ಶುರುವಾಯಿತು. ನಾನು ಎದುರಿಗೆ ಕುಳಿತು ಎಣಿಸುತ್ತಿದ್ದೆ. ಕವುಚುವುದು ಪೂರ್ತಿ ಬಂತು. ಮೇಲೆ ಮಾಡುವುದು ಮಾತ್ರ ಅರ್ಧಕ್ಕೇ ನಿಂತಿತು. "ಭಿಕ್ಷಾ ಬೇಡಾಕ ಬರಂಗಿಲ್ಲ, ಅಷ್ಟ ನೋಡು" ಎಂದು ನಗುತ್ತಿದ್ದರು. ಊಟ, ಕಸಬರಿಗೆ, ಹಾಲು ಕರೆಯುವುದು ಎಲ್ಲ ಸರಾಗವಾದವು. ಮರಿ ತಿರುಗಿಸುವುದನ್ನು ಮಾತ್ರ ಇನ್ನೂ ಯಾರೂ ಪರೀಕ್ಷೆ ಮಾಡಿರಲಿಲ್ಲ.

ಒಂದು ಭಾನುವಾರ ಮುಂಜಾನೆ ನಮ್ಮದೇ ಕುರಿ ಈಯಲಾಗದೆ ಒದ್ದಾಡತೊಡಗಿತು. ಮನೆಯವರು ಹೊಲಕ್ಕೆ ಹೋಗಿದ್ದರು. ಅತ್ತೆ ಕೈ ತೊಳೆದು, ಎಣ್ಣೆ ಹಚ್ಚಿ, ಕಣ್ಣು ಮುಚ್ಚಿ ಕೈಹಾಕಿದರು. ಮುಖ ಬಿಗಿಯಿತು. ಎರಡನೆಯ ಸಲ ನೋಡಿದರು, ಮೂರನೆಯ ಸಲವೂ ನೋಡಿದರು. ಆಮೇಲೆ ಕೈ ಹೊರಗೆ ತೆಗೆದು ಅದನ್ನೇ ದಿಟ್ಟಿಸಿದರು.

"ತಿರುಗವಲ್ದು," ಎಂದರು.

ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಕುರಿ ನರಳಿತು. ಅತ್ತೆ ಎಣ್ಣೆಯ ಬಟ್ಟಲನ್ನು ನನ್ನ ಕಡೆ ಸರಿಸಿ, "ನಿನ್ನ ಕೈನೂ ಸಣ್ಣವ ಅದಾವ. ಹಾಕು" ಎಂದರು.

"ನನಗ ಬರಂಗಿಲ್ಲರಿ ಅತ್ತಿ."

"ಎಲುಬಿನ ಪಾಠ ಹೇಳ್ತಿ, ಬರಂಗಿಲ್ಲ ಅಂತಿ. ಹಾಕು."

ಒಳಗೆ ಬಿಸಿ, ಜಾರಿಕೆ. ಬೆರಳಿಗೆ ಒಂದು ಕಾಲು ಸಿಕ್ಕಿತು. ಮುಂದಿನದೋ ಹಿಂದಿನದೋ ಎಂದು ಕೇಳಿದರು. ನನಗೆ ಹೇಗೆ ಗೊತ್ತಾಗಬೇಕು?

"ಗೊರಸಿಂದ ಮ್ಯಾಲಿನ ಎರಡು ಕೀಲ್ ಹಿಡಿದು ಮಡಚಿ ನೋಡು. ಎರಡೂ ಒಂದ ಕಡೀ ಮಡಚಿದ್ರ ಮುಂದಿನ ಕಾಲು. ಒಂದು ಹಿಂಗ, ಒಂದು ಹಂಗ ಮಡಚಿದ್ರ ಹಿಂದಿಂದು."

ಇಷ್ಟು ವರ್ಷ ಕೀಲುಗಳ ಚಿತ್ರ ಬರೆಸಿದ್ದೇನೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಮಡಚಿ ನೋಡಿದೆ. ಎರಡೂ ಒಂದೇ ಕಡೆ. ಮುಂಗಾಲಿನ ಗುಂಟ ಹೋದೆ, ಭುಜ ಸಿಕ್ಕಿತು. ಕುತ್ತಿಗೆ ಹಿಂದಕ್ಕೆ ಹೊರಳಿತ್ತು. ಅತ್ತೆ ಎಡಗೈಯಿಂದ ನನ್ನ ಮೊಣಕೈ ಹಿಡಿದರು. "ಅದು ತಿಣುಕೂ ಮುಂದ ಬ್ಯಾಡ. ಸಡಲ ಬಿಟ್ಟಾಗ ತಿರುವು. ಹಾಂ, ಈಗ." ನನ್ನ ಕೈಯ ಎರಡು ಎಲುಬುಗಳು ಒಂದರ ಮೇಲೊಂದು ದಾಟಿದ್ದು ನನಗೇ ತಿಳಿಯಿತು. ಪುಟ್ಟ ತಲೆ ಮುಂದಕ್ಕೆ ಬಂತು.

ಮರಿ ನೆಲಕ್ಕೆ ಬಿದ್ದು ಸೀನಿತು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ಸಂತೋಷಕ್ಕೋ, ಸಿಮೆಂಟ್ ಪಟ್ಟಿಯ ಪಶ್ಚಾತ್ತಾಪಕ್ಕೋ, ಎರಡಕ್ಕೂ ಇರಬೇಕು. ಅತ್ತೆ ಹುಲ್ಲಿನಿಂದ ಮರಿಯ ಮೈ ಒರೆಸಿದರು.

ಮುಂದಿನ ವಾರ ಒಂದು ದಿನ ಸಂಜೆಯ ಬಸ್ಸಿಳಿದು ಬರುತ್ತಿದ್ದೆ. ನಮ್ಮ ಬಾಗಿಲಲ್ಲಿ ಹಿಂದಿನ ಓಣಿಯ ಹೆಂಗಸು ನಿಂತು, ಕುರಿ ಒದ್ದಾಡಾಕತ್ತದ, ಲಗೂನ ಬಾ ಎಂದು ಅವಸರ ಮಾಡುತ್ತಿದ್ದಳು. ಕಟ್ಟೆಯ ಮೇಲೆ ಕುಳಿತ ಅತ್ತೆ ಮೇಲೇಳಲಿಲ್ಲ. ಅವರ ಮುಖ ಮಾತ್ರ ಅರಳಿತ್ತು.

"ಒಂದೀಟ ತಡಿಯವ್ವ," ಎಂದರು, "ನನ್ನ ಕೈ ಸಾಲಿಗಿ ಹೋಗ್ಯದ. ಈಗ ಬರ್ತದ."