ಜಾವಾದವರ ಭಾಂಡೆ

ನಮ್ಮ ಮನಿಯವರು ಲಡಾಯಿ ಮುಗಿಸಿ ಮೂಡಲಗಿಗೆ ಬಂದಾಗ ಟ್ರಂಕಿನಾಗ ನನಗೊಂದು ಸೀರಿ ಇರಲಿಲ್ಲ, ಅತ್ತಿಗೊಂದು ಕಂಬಳಿ ಇರಲಿಲ್ಲ. ಮಿಲಿಟರಿ ಅಂಗಿಯೊಳಗ ಸುತ್ತಿದ ಒಂದು ಕಂಚಿನ ಗಡಿಗಿ ಇತ್ತು. ಅಗಲ ಬಾಯಿ, ಗಿಡ್ಡ ಮೈ, ತಳದ ನಟ್ಟನಡುವ ನಿಂಬಿಹಣ್ಣಿನಷ್ಟು ಉಬ್ಬು. ನೆಟ್ಟಗ ಇಟ್ರ ವಾಲಿ ಬೀಳೂದು.

“ಇದೇನ್ರಿ ಇದು?” ಅಂದೆ.

“ಮಂದೀದು. ತಿರುಗಿ ಕೊಡೂದೈತಿ,” ಅಂದ್ರು. ಅಷ್ಟ. ಅಡಗಿಮನಿ ಗೋಡಿ ಬುಡಕ ಅದನ್ನ ಬೋರಲ ಇಟ್ರು.

ತೊಳೆದ ಭಾಂಡೆ ಬೋರಲ ಹಾಕೂದು ನಮ್ಮಲ್ಲಿ ಪದ್ಧತಿ. ಹಿಂಗಾಗಿ ಅತ್ತಿ ಮತ್ತೇನೂ ಕೇಳಲಿಲ್ಲ. ಕೇಳೂ ಮನಸ್ಸೂ ಆಕೀಗೆ ಇರಲಿಲ್ಲ. ಮಗ ಸಮುದ್ರದಾಚೆ ಇದ್ದಷ್ಟು ದಿನ ಆಕಿ ಹೊಟ್ಟಿತುಂಬ ಉಂಡಾಕಿ ಅಲ್ಲ. ಬಂದ ಮ್ಯಾಲ ಆ ದೇಶದ ಹೆಸರ ತಗದ್ರ ಸಾಕು, “ಬ್ಯಾಡೋ ಯಪ್ಪಾ, ಆ ಸುದ್ದಿ ನನಗ ಬ್ಯಾಡ” ಅಂತ ಕಿವಿ ಮುಚ್ಚಗೊಳ್ಳಾಕಿ. ಅದಕ್ಕ ಹೇಳೂದೆಲ್ಲಾ ನನಗ ಹೇಳತಿದ್ರು, ಅದೂ ಆಕಿ ಮನ್ಯಾಗ ಇಲ್ಲದಾಗ.

ಅವರ ದಂಡು ಜಾವಾದಾಗ ಒಬ್ಬ ಮುದುಕನ ಅಂಗಳದಾಗ ಬೀಡುಬಿಟ್ಟಿತ್ತಂತ. ಆ ಮುದುಕ ವಾದ್ಯದವ. ವಾದ್ಯ ಅಂದ್ರ ಒಂದಲ್ಲ, ಮನಿ ತುಂಬ. ಆಳೆತ್ತರದ ಚೌಕಟ್ಟಿಗೆ ತೂಗಬಿಟ್ಟ ದೊಡ್ಡ ಜಾಗಟಿ, ಹಗ್ಗದ ಮ್ಯಾಲ ಸಾಲಾಗಿ ಬೋರಲ ಕುಂದರಿಸಿದ ಇಂಥ ಗಡಿಗಿ, ಕಂಚಿನ ಪಟ್ಟಿ, ಡೋಲು. ಎಲ್ಲಾ ಕೂಡಿ ಗಮೆಲಾನ್ ಅಂತಾರಂತ. ಅದನ್ನ ದಾಟಿ ಹೋಗೂ ಹಂಗಿಲ್ಲ, ಚಪ್ಪಲಿ ಹಾಕ್ಕೊಂಡು ಮುಟ್ಟೂ ಹಂಗಿಲ್ಲ. ಗುರುವಾರ ಸಂಜಿಗೆ ದೊಡ್ಡ ಜಾಗಟಿಗೆ ಹೂವು, ಧೂಪ. ನಮ್ಮ ತೊಗಲಗೊಂಬಿ ಆಟದಂಗ ಅಲ್ಲೂ ಪರದೆ ಮ್ಯಾಲ ಗೊಂಬಿ ಕುಣಸತಾರ, ಭೀಮ ಅರ್ಜುನ ಅವರಿಗೂ ಗೊತ್ತು.

“ಯಾರೂ ಮುಂದ ಮುಂದ ಹಾರೂದಿಲ್ಲ ನೋಡು,” ಅಂತಿದ್ರು. “ತನ್ನ ಪಾಳಿ ಬರೂತನಕ ಪ್ರತಿಯೊಬ್ಬ ಸುಮ್ನ ಕುಂತಿರತಾನ. ಬಂದಾಗ ಒಂದ ಪೆಟ್ಟು. ಎಲ್ಲಾ ಒಂದ ಕುಲುಮಿಯಾಗ ಹುಟ್ಟಿದ್ದು, ಒಂದಕ್ಕೊಂದು ಕೂಡಿಸಿ ದನಿ ಹಚ್ಚಿದ್ದು. ಒಂದ ಗಡಿಗಿ ಕಳದ್ರ ಬ್ಯಾರೇದವರದು ತಂದು ಇಡಾಕ ಬರೂದಿಲ್ಲ, ದನಿ ಕೂಡೂದಿಲ್ಲ.”

ಲಡಾಯಿ ಗದ್ದಲದಾಗ ಊರಿಗೆ ಬೆಂಕಿ ಬಿದ್ದಾಗ ಮುದುಕ ವಾದ್ಯ ಎಲ್ಲಾ ಅವರಿವರ ಮನಿಗೆ ಹಂಚಿ ಇಟ್ಟನಂತ. ಈ ಗಡಿಗಿ ಇವರ ಕೈಯಾಗ ಕೊಟ್ಟು, ಶಾಂತ ಆದ ಮ್ಯಾಲ ತಂದುಕೊಡು ಅಂತ ಕೈಸನ್ನಿ ಮಾಡಿದ್ನಂತ. ಆದ್ರ ದಂಡಿಗೆ ಒಮ್ಮಿಂದೊಮ್ಮೆ ಹಡಗ ಹತ್ತೂ ಹುಕುಂ ಬಂತು. ಗಡಿಗಿ ಇವರ ಕೂಡ ಬಂತು.

ಮುಂದ ಗೋಕಾಕದಾಗ ಹೊಳಿ ಧುಮುಕೂ ಧಬಧಬಿ ಬಾಜೂಕ ನೂಲಿನ ಗಿರಣಿ ಕೆಲಸಕ್ಕ ಹತ್ತಿದ್ರು. ರಜಾಕ್ಕ ಮನಿಗೆ ಬಂದ್ರ ಕಿವಿಯಾಗಿನ್ನೂ ಗಿರಣಿ ಗದ್ದಲ, ಕೂದಲದಾಗ ಅರಳಿ, ಎದಿಯಾಗ ಕೆಮ್ಮು. ಅತ್ತಿ ಗುಡಿಗೆ ಹೋದ್ಲಂದ್ರ ಗಡಿಗಿ ಮುಂದ ಕುಂತು, ಅರಿವಿ ಸುತ್ತಿದ ಕೋಲಿಲೆ ಉಬ್ಬಿನ ಮ್ಯಾಲ ಒಂದ ಪೆಟ್ಟು ಹಾಕೂರು. ಆ ದನಿ ಬಾಳೊತ್ತು ನಿಲ್ಲೂದು. ಅದು ಆರೂತನಕ ಅವರ ಮಾರಿ ಮ್ಯಾಲಿನ ದಣಿವು ಇಳಿಯೂದು. ನನಗ ಸಂಗೀತ ತಿಳಿಯೂದಿಲ್ಲ, ಗಂಡನ ಮಾರಿ ತಿಳೀತಿತ್ತು.

ವರ್ಷ ಉರುಳಿದ್ವು. ಒಂದ ಸಲ ಇವರ ದಂಡಿನ ಗೆಳ್ಯಾ, ಹುಕ್ಕೇರಿಯಂವ, ಮುಂಬೈಯಾಗ ಹಡಗಿನ ನೌಕರಿ ಹಿಡದಂವ, ಸುದ್ದಿ ಕಳಿಸಿದ: ಹಡಗು ಜಾವಾಕ್ಕ ಹೊಂಟೈತಿ, ಐತವಾರ ಬರತೇನಿ, ಗಡಿಗಿ ತಯಾರ ಇಡು. ನಮ್ಮವರು ಅವತ್ತು ನಕ್ಕಷ್ಟು ಮದಿವಿಯಾಗೂ ನಕ್ಕಿರಲಿಲ್ಲ. “ಅವ್ವಾ, ಮಂದಿ ಭಾಂಡೆ ಮಂದೀಗೆ ಮುಟ್ಟತೈತಿ!” ಅಂತ ಹೇಳಿ ಗಿರಣಿಗೆ ಹೋದ್ರು.

ನಮ್ಮತ್ತಿ ರೀತಿ-ರಿವಾಜಿನಾಕಿ. ಬಾಜೂ ಮನಿಯವರ ವಾಟಗ ತಿರುಗಿ ಕೊಡುವಾಗೂ ಬರೇದ ಕೊಟ್ಟಾಕಿ ಅಲ್ಲ, ಚಿಟಿಕಿ ಸಕ್ಕರಿ ಆದ್ರೂ ಹಾಕಾಕಿ. ಈ ಭಾಂಡೆ ಕಡಲ ದಾಟಿ ಹೋಗೂದು! ಬರೇದ ಕಳಸೂದ್ಹೆಂಗ? ಅದರಾಗ ತಳ ಬ್ಯಾರೆ ನೆಗ್ಗಿ ಉಬ್ಬೇತಿ ಅಂತ ಆಕಿ ಎಣಿಕಿ. ನಾ ಹೊಲಕ್ಕ ಹೋದಾಗ ಅರಿವಿಯಾಗ ಕಟಗೊಂಡು ಮೋಟಾರ ಹತ್ತಿ ಗೋಕಾಕಕ್ಕ ಹೋಗಿ ಕಂಚಗಾರನ ಮುಂದ ಇಟ್ಟಾಳ. ಅಂವ “ಅವ್ವಾ, ಇದು ಕಂಚು. ಬಡದ್ರ ಸೀಳತೈತಿ” ಅಂದ್ನಂತ. “ಕಾಸಿ ಬಡಿಯೋ, ಮಂದಿ ಮುಂದ ಮಾನ ಹೋಗಬಾರದು” ಅಂತ ಆಕೀನ ಹೇಳಿ ಬಡಿಸ್ಯಾಳ. ಕೂದಲೆಳಿಯಷ್ಟು ಸೀಳು ಬಿಟ್ಟಿದ್ದಕ್ಕ ತವರ ಹಾಕಿಸ್ಯಾಳ. ಬರೂವಾಗ ಕರದಂಟು ತಗೊಂಡು ತುಂಬ್ಯಾಳ.

ನಾ ಹೊಲದಿಂದ ಬಂದಾಗ ಗಡಿಗಿ ನೆಟ್ಟಗ ಕುಂತಿತ್ತು. “ನೋಡ, ಹೆಂಗ ಕುಂತತಿ!” ಅಂದ್ಲು ಅತ್ತಿ. ಆಕಿ ಮಾರಿ ಹಬ್ಬ ಆಗಿತ್ತು. ನಾ ಎತ್ತಿ ತಳ ಸವರಿ ನೋಡಿದೆ, ಉಬ್ಬು ಇರಲಿಲ್ಲ.

ಐತವಾರ ನಮ್ಮವರು ಬಂದ್ರು, ನೋಡಿದ್ರು. ಕರದಂಟು ಒಂದೊಂದ ತಗದು ಪರಾತದಾಗ ಇಟ್ರು. ಬೋರಲ ಹಾಕಿ ಬೆರಳಿಲೆ ಬಡದ್ರು. ಒಡಕ ಮಡಿಕಿ ದನಿ ಬಂತು. ಗೆಳ್ಯಾ ಬಂದು ಕುಂತಾಗ, “ಇದನ್ನ ಕಳಸೂದಿಲ್ಲಪಾ, ನೀ ಹೋಗು,” ಅಂದ್ರು. ಅಂವ ನನ್ನ ಮಾರಿ ನೋಡಿದ, “ಯಾಕ್ರಿ ವೈನಿ?” ಅಂದ. ನಾ ಚಹಾದ ವಾಟಗ ಮುಂದ ಇಟ್ಟೆ. ಬರಿಗೈಲೆ ಹೋದ.

ಅತ್ತಿ ಬಾಯಿಗೆ ತಡಿ ಇರಲಿಲ್ಲ. “ಮಂದಿ ಭಾಂಡೆ ನುಂಗತೀಯೇನೋ? ಇದಕ್ಕೇನ ಹಡದೆ ನಿನ್ನ?”

ನನಗ ಸಿಟ್ಟು ನೆತ್ತಿಗೇರಿತು. ಇವರನ್ನ ಹಿತ್ತಲಕ್ಕ ಕರಕೊಂಡು ಹೋಗಿ, “ಹೇಳ್ರಿ ಖರೇದು! ಇಲ್ಲಾ ಒಡದದ್ದ ಕಳಸ್ರಿ!” ಅಂದೆ.

“ಒಡದ ದನಿ ಕಳಸಿ ಆ ಮುದುಕನ ಎದಿ ಒಡೀಲೇನು? ಎಲ್ಲೋ ನೆಟ್ಟಗೈತಿ ಅಂತ ನಂಬಿರತಾನ, ನಂಬಲಿ. ಇನ್ನ ಅವ್ವ. ನಾ ಕಳ್ಳ ಅಂದ್ರ ಆಕೀಗೆ ಸಿಟ್ಟು ಬರತೈತಿ, ಇಳೀತೈತಿ. ತಾನ ಕೆಡಿಸಿದ್ದು ಅಂತ ತಿಳದ್ರ ಅನ್ನ ಬಿಡತಾಳ. ನೀ ಬಾಯಿ ಬಿಟ್ಟಿ ಅಂದ್ರ ನನ್ನ ಆಣಿ.”

ಇಳೀತೈತಿ ಅಂದಿದ್ರು, ಇಳೀಲಿಲ್ಲ. ಹಬ್ಬ ಇರಲಿ, ಹುಣ್ಣಿಮಿ ಇರಲಿ, ಊಟಕ್ಕ ಕುಂತ್ರ ಅದ ಮಾತು. ಇವರು ತಲಿ ತಗ್ಗಿಸಿ ರೊಟ್ಟಿ ಮುರಿಯೂರು. ಇಬ್ಬರ ನಡುವ ಬಾಯಿ ಹೊಲಕೊಂಡು ಕುಂತು ಕುಂತು ನನಗ ಸಾಕಾಗಿ ಹೋಗಿತ್ತು. ಬೈಯೂದು ಕೇಳೂದಕ್ಕಿಂತ ಸುಮ್ನಿರೂದ ದೊಡ್ಡ ದುಡಿತ.

ಹಿಡಕಲ್ಲದಾಗ ಡ್ಯಾಮಿನ ಕೆಲಸ ನಡದಿದ್ದ ಕಾಲಕ್ಕ ಅತ್ತಿ ಹಾಸಿಗಿ ಹಿಡದ್ಲು. ಒಂದು ಮುಂಜಾನೆ ಉಸರು ಸಣ್ಣಗಾತು, “ನೀರು” ಅಂದ್ಲು. ನಮ್ಮವರು ಓಡಿ ತಂಬಗಿ ತಂದ್ರು, ತೊಡಿ ಮ್ಯಾಲ ತಲಿ ಇಟಗೊಂಡು ಬಾಯಿಗೆ ಹಿಡದ್ರು. ಆಕಿ ಕಣ್ಣ ತಗದು ಮಗನ್ನ ನೋಡಿದ್ಲು. ತುಟಿ ಬಿಗಿ ಹಿಡದ್ಲು.

“ಮಂದಿ ಭಾಂಡೆ ಇಟಗೊಂಡ ಕೈ… ಒಲ್ಲೆ.”

“ಈಗರ ಹೇಳ್ರೀ!” ಅಂತ ಚೀರಿದೆ ನಾ.

ಅವರು ತಾಯಿ ತಲಿ ಮೆಲ್ಲಕ ದಿಂಬಿನ ಮ್ಯಾಲ ಇಟ್ಟು, ಎದ್ದು ತಂಬಗಿ ನನ್ನ ಕೈಗೆ ಕೊಟ್ರು.

“ನೀ ಕುಡಸು,” ಅಂದ್ರು. “ಅವ್ವಗ ನೀರಡಿಕಿ ಆಗೇತಿ.”