ಹಗೇವಿನೊಳಗಿನ ಹಸಿ ಎಣ್ಣೆ

ಪವಾಡದ ಕತೆ ಹೇಳುವವರನ್ನು ಕಂಡರೆ ಮೂಗು ಮುರಿಯುತ್ತಿದ್ದವನು ನಾನು. ಸೇಡಂ ಸುತ್ತಲಿನ ಮನೆಗಳಲ್ಲಿ ತಾಳೆಗರಿ ಹುಡುಕಿ ಪಟ್ಟಿ ಮಾಡುವುದು ನನ್ನ ಕೆಲಸ; ಈ ಕೆಲಸದಲ್ಲಿ ಕೇಳಿದ ಸುಳ್ಳು ಒಂದೇ ಎರಡೇ! ಆದರೆ ಕೆಲವು ವರ್ಷಗಳ ಹಿಂದೆ ಕುರಕುಂಟಾದಲ್ಲಿ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನನ್ನು ಕರೆಸಿದ್ದು ಶರಣಮ್ಮ ಎಂಬ ಅಜ್ಜಿ. ನಿಜಾಮರ ಕಾಲದ ಕೊನೆಯ ಗದ್ದಲದಲ್ಲಿ ಬಂದೂಕಿನವರು ನುಗ್ಗಿ, ಮನೆಯ ತಾಳೆಗರಿ ಕಟ್ಟುಗಳನ್ನು ಅಂಗಳದಲ್ಲೇ ಸುಟ್ಟರೆಂದು ಮನೆಮಂದಿಯೆಲ್ಲ ನಂಬಿದ್ದರು. ಅಜ್ಜಿ ಮಾತ್ರ ಒಪ್ಪಿರಲಿಲ್ಲ. ಆಗ ಅವರು ಹತ್ತು ವರ್ಷದ ಸೊಸೆ. ಅತ್ತೆ ಕೆಂಪು ಬಟ್ಟೆಯಲ್ಲಿ ಜೋಳದ ದಂಟು ಸುತ್ತಿ ಬಂದೂಕಿನವರ ಕೈಗೆ ಕೊಟ್ಟರಂತೆ. ನಿಜವಾದ ಕಟ್ಟುಗಳನ್ನು ಹಗೇವಿಗೆ, ಅಂದರೆ ಜೋಳ ತುಂಬುವ ನೆಲದಡಿಯ ಗುಂಡಿಗೆ ಇಳಿಸಿ, ಮೇಲೆ ಪರಸಿ ಕಲ್ಲು ಹಾಸಿಬಿಟ್ಟರಂತೆ. ಸ್ವಲ್ಪ ದಿನಕ್ಕೇ ಅತ್ತೆ ತೀರಿಕೊಂಡರು. ಸಣ್ಣ ಹುಡುಗಿಯ ಮಾತಿಗೆ ಯಾರು ಕಿವಿಗೊಡಬೇಕು?

ಈಗ ಮಗ ಬಸವರಾಜ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದ. ಸಂಜೆಯೊಳಗೆ ಹಗೇವು ಮುಚ್ಚಿ ಕಾಂಕ್ರೀಟು ಸುರಿಯುವುದಿತ್ತು.

“ಅವ್ವಗ ಅರಳು ಮರಳು ಆಗ್ಯಾದ್ರಿ ಸರ. ನೀವ್ಯಾಕ ತ್ರಾಸ ತಗೋತೀರಿ?” ಎಂದ ಬಸವರಾಜ.

“ಸಾಯೋದ್ರಾಗ ಒಂದ್ಸಲ ನೋಡ್ತೀನಿ ಅಂದ್ರ ಅರಳು ಮರಳೇನೋ?” ಅಜ್ಜಿ ಗುಡುಗಿದರು.

ಪರಸಿ ಎತ್ತಿಸಿದೆವು. ಮುಚ್ಚಿದ ಹಗೇವಿಗೆ ಸೀದಾ ಇಳಿದರೆ ಉಸಿರುಗಟ್ಟಿ ಸಾಯುವುದೇ. ಮೊದಲು ಕಂದೀಲು ಇಳಿಸಿ ನೋಡುವುದು ರೂಢಿ. ಮೂರು ಸಲ ದೀಪ ಆರಿತು. ಕಾಂಕ್ರೀಟಿನವರು ಗೊಣಗತೊಡಗಿದರು. ನಾಲ್ಕನೇ ಸಲ ದೀಪ ಉರಿಯುತ್ತ ನಿಂತಿತು, ಹಗ್ಗ ಹಿಡಿದು ಇಳಿದೆ. ಮೂಲೆಯಲ್ಲೊಂದು ಗಡಿಗೆ. ಬಾಯಿಗೆ ಮೆತ್ತಿದ ಗಾರೆಯಲ್ಲಿ ಒಂದು ಬಿರುಕೂ ಇರಲಿಲ್ಲ.

ಮೇಲೆ ತಂದು ಒಡೆದೆ. ಎರಡು ಕಟ್ಟು! ಇಷ್ಟು ವರ್ಷ ಯಾರ ಕೈಯೂ ಸೋಕದ ಗರಿ ಮುಟ್ಟಿದರೆ ಪುಡಿಯಾಗಬೇಕು. ಇವು ಬಾಗಿದವು, ಮುರಿಯಲಿಲ್ಲ. ಬೆರಳಿಗೆ ಎಣ್ಣೆ ಹತ್ತಿತು. ಕಮಟು ವಾಸನೆ ಒಂದಿಷ್ಟೂ ಇಲ್ಲ, ಆಗತಾನೆ ಗಾಣದಿಂದ ತಂದಂಥ ಕುಸುಬಿ ಎಣ್ಣೆ.

ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. “ನಮ್ಮತ್ತಿ ವರ್ಷಾ ಮಹಾನವಮಿಗಿ ಇವಕ್ಕ ಎಣ್ಣಿ ಹಚ್ಚತಿದ್ಲರಿ. ಮೊನ್ನೆ ಹಬ್ಬ ಆತಲ್ಲ, ಈ ವರ್ಷನೂ ತಪ್ಪಿಸಿಲ್ಲ ನೋಡ್ರಿ.”

ಆಮೇಲೆ ಕಟ್ಟು ತಲೆಯ ಮೇಲಿಟ್ಟುಕೊಂಡು ಬೀದಿಗೆ ಹೋಗಿ ಕೂಗಿದರು: “ಸುಟ್ಟು ಹೋದ್ವು ಅಂದವರೆಲ್ಲ ಬರ್ರಿ! ಕಣ್ಣು ತುಂಬ ನೋಡ್ರಿ!” ಓಣಿಗೆ ಓಣಿಯೇ ನೆರೆಯಿತು. ಬಸವರಾಜ ಕಾಂಕ್ರೀಟಿನವರನ್ನು ವಾಪಸು ಕಳಿಸಿ ಅವ್ವನ ಕಾಲಿಗೆ ಬಿದ್ದ. ನಾನು ಮೊದಲ ಗರಿಯನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಒಂದಕ್ಷರವೂ ಅಳಿಸಿರಲಿಲ್ಲ.

ಆ ಎಣ್ಣೆ ಹಚ್ಚಿದವರು ಯಾರೋ, ನನಗೆ ಇವತ್ತಿಗೂ ತಿಳಿದಿಲ್ಲ. ಗೆದ್ದವರು ಯಾರೆಂದು ಮಾತ್ರ ಚೆನ್ನಾಗಿ ಗೊತ್ತು.