ಪರದೆಯ ಮೇಲೆ ಎರಚಿದ ಕಾವಿ

1986ರ ಡಿಸೆಂಬರಿನಲ್ಲಿ ನಾನು ಪರೇಲ್‌ನ ಒಂದು ಶೆಡ್ಡಿನಲ್ಲಿ ಸಹಾಯಕ ಪೇಂಟರ್ ಆಗಿದ್ದೆ. ನಾಟಕಗಳಿಗೆ ಪರದೆ ಬರೆಯುವುದು ನಮ್ಮ ಕೆಲಸ. ವಯಸ್ಸು ಇಪ್ಪತ್ತನಾಲ್ಕು, ಕೈಯಲ್ಲಿ ಡ್ರಾಯಿಂಗ್ ಡಿಪ್ಲೊಮಾ, ದಿನವೂ ಮುಲುಂಡ್‌ನಿಂದ ಲೋಕಲ್ ರೈಲಿನ ಪ್ರಯಾಣ. ಆರು ತಿಂಗಳ ಟ್ರಯಲ್ ಮುಗಿಯುತ್ತ ಬಂದಿತ್ತು. ಕೆಲಸ ಕಾಯಂ ಆಗದಿದ್ದರೆ ಮೈಸೂರಿನ ಒಂದು ಗಂಡಿನ ಸಂಬಂಧಕ್ಕೆ ಒಪ್ಪಬೇಕೆಂದು ಅಪ್ಪ ಹೇಳಿಯಾಗಿತ್ತು. ಅವರು ಮಾತಿಗೆ ತಪ್ಪುವವರಲ್ಲ, ನನ್ನ ಕಷ್ಟ ಅದೇ.

ಶೆಡ್ಡಿನ ಹಿರಿಯ ಪೇಂಟರ್ ಬಸಪ್ಪನವರು. ಗದಗಿನ ಕಡೆಯವರು, ಕಂಪನಿ ನಾಟಕಗಳಿಗೆ ಪರದೆ ಬರೆದು ಪಳಗಿದ ಕೈ. ಬಣ್ಣದ ಪುಡಿಗೆ ಸರೇಸು, ಅಂದರೆ ಕಾಯಿಸಿದ ಅಂಟು, ಬೆರೆಸಬೇಕು. ಅಂಟು ಕಡಿಮೆಯಾದರೆ ಒಣಗಿದ ಬಣ್ಣ ಉದುರುತ್ತದೆ, ಹೆಚ್ಚಾದರೆ ಬಿರಿಯುತ್ತದೆ. ಅದರ ಹದ ಕೇಳಿದರೆ "ಕೈಗೆ ತಾನ ಗೊತ್ತಾಗ್ತದ ಬಾಯಾರ" ಎಂದು ಬೆನ್ನು ತಿರುಗಿಸುತ್ತಿದ್ದರು. ಇನ್ನು ಒಬ್ಬರೇ ಪೇಂಟರ್ ಸಾಕಂತೆ ಎಂಬ ಸುದ್ದಿ ಚಹಾದ ಹೊತ್ತಿನಲ್ಲಿ ಕಿವಿಗೆ ಬಿದ್ದ ಮೇಲಂತೂ ಅವರು ಕೆಮ್ಮಿದರೂ ನನಗೆ ಅದರಲ್ಲಿ ಏನೋ ಹೂಟ ಕಾಣತೊಡಗಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆ ವಾರ ಒಂದು ಹೊಸ ನಾಟಕಕ್ಕೆ ಹಳೆಯ ಚಾಳಿನ, ಅಂದರೆ ಸಾಲುಖೋಲಿಗಳ ವಠಾರದ, ಇಟ್ಟಿಗೆ ಗೋಡೆ ಬೇಕಿತ್ತು. ಮೂವತ್ತು ಅಡಿ ಅಗಲ, ಹದಿನಾರು ಅಡಿ ಎತ್ತರದ ಪರದೆ. ಮ್ಯಾನೇಜರ್ ಶೆಣೈಯವರು ಅದನ್ನು ನನಗೇ ಒಪ್ಪಿಸಿದರು. "ಇದು ಪಾಸಾದರೆ ನೀವು ಕಾಯಂ. ಮುಂದಿನ ಶನಿವಾರ ಶೋ ಉಂಟು, ನೆನಪಿರಲಿ" ಎಂದರು. ಬಟ್ಟೆಯನ್ನು ನೆಲಕ್ಕೆ ಹಾಸಿ, ಇದ್ದಿಲಿನ ಪುಡಿ ಸವರಿದ ದಾರ ಮೀಟಿ ಗೆರೆ ಹಾಕಿ, ಮೂರು ದಿನ ಮಂಡಿಯೂರಿ ಒಂದೊಂದೇ ಇಟ್ಟಿಗೆ ಬರೆದೆ. ಒಂದು ಗೆರೆಯೂ ಆಚೀಚೆ ಹೋಗಿರಲಿಲ್ಲ. ಸೊಕ್ಕು ಬಂದಿತ್ತು, ಸುಳ್ಳೇಕೆ ಹೇಳಲಿ.

ಮಂಗಳವಾರ ಬೆಳಿಗ್ಗೆ ಬಂದು ನೋಡಿದರೆ ನನ್ನ ಗೋಡೆಯ ಒಂದು ಭಾಗದ ತುಂಬ ಕಾವಿ, ಕಪ್ಪು ಬಣ್ಣದ ಚುಕ್ಕೆಗಳು. ತುಟಿ ಬಿಗಿಹಿಡಿದು ಮತ್ತೆ ಬರೆದೆ. ಬುಧವಾರ ಇನ್ನಷ್ಟು ಚುಕ್ಕೆಗಳು. ಗುರುವಾರ ಮೊದಲ ಲೋಕಲ್ ಹಿಡಿದು ಬಂದು ಬಾಗಿಲ ಸಂದಿಯಿಂದ ಇಣುಕಿದೆ. ಬಸಪ್ಪನವರು ತೆಳು ಕಾವಿಯಲ್ಲಿ ಕುಂಚ ಅದ್ದಿ, ಅಂಗೈಗೆ ಬಡಿದು, ನನ್ನ ಇಟ್ಟಿಗೆಗಳ ಮೇಲೆ ಹನಿ ಎರಚುತ್ತಿದ್ದರು.

"ಏನು ಮಾಡ್ತಿದ್ದೀರಿ?" ಎಂದು ಕೂಗಿದೆ.

ಅವರು ಬೆಚ್ಚಿ ತಿರುಗಿದರು. "ಗ್ವಾಡಿ ಬರೋಬ್ಬರಿ ಮಾಡಾಕತ್ತೀನಿ."

ನೇರ ಶೆಣೈಯವರ ಬಳಿ ಹೋಗಿ, ನನ್ನ ಕೆಲಸ ಕೆಡಿಸಿ ನನ್ನನ್ನು ಓಡಿಸಲು ನೋಡುತ್ತಿದ್ದಾರೆ ಎಂದೆ. ಶೋ ಎರಡೇ ದಿನದಲ್ಲಿತ್ತು, ವಿಚಾರಿಸುವ ತಾಳ್ಮೆ ಅವರಿಗೂ ಇರಲಿಲ್ಲ. ಬಸಪ್ಪನವರಿಗೆ ನಾಳೆಯಿಂದ ಬರುವುದು ಬೇಡ ಎಂದುಬಿಟ್ಟರು. ಅವರು "ಲೈಟ್ ಬಿದ್ದಮ್ಯಾಲ ನೋಡ್ರಿ" ಎಂದಷ್ಟೇ ಹೇಳಿ ಕುಂಚ ತೊಳೆದಿಟ್ಟು ಹೋದರು. ನಾನು ಗೆದ್ದೆ ಅಂದುಕೊಂಡೆ. ಚುಕ್ಕೆಗಳ ಮೇಲೆ ಮತ್ತೆ ಬರೆಯುತ್ತ ಹೋದೆ, ಬಲಗಡೆಯ ಹತ್ತು ಅಡಿಗೆ ಮಾತ್ರ ಸಮಯ ಸಾಲಲಿಲ್ಲ.

ಶುಕ್ರವಾರ ಸಂಜೆ ಥಿಯೇಟರಿನಲ್ಲಿ ಲೈಟಿಂಗ್ ರಿಹರ್ಸಲ್. ಪರದೆ ತೂಗುಹಾಕಿ ಲೈಟು ಬಿಟ್ಟರು. ನಾನು, ಶೆಣೈಯವರು ಕೊನೆಯ ಸಾಲಿನಲ್ಲಿ ಕೂತಿದ್ದೆವು. ನಾನು ಕಷ್ಟಪಟ್ಟು ನಯವಾಗಿ ಬರೆದ ಇಪ್ಪತ್ತು ಅಡಿ ಅಂಗಡಿಯ ಬೋರ್ಡಿನಂತೆ ಚಪ್ಪಟೆಯಾಗಿ ಕಂಡಿತು. ಬಲಗಡೆಯ ಹತ್ತು ಅಡಿ ಮಾತ್ರ ಮಳೆ ಬಿಸಿಲು ತಿಂದ ನಿಜವಾದ ಗೋಡೆ. ಸಮನಾಗಿ ಬಳಿದ ಬಣ್ಣ ದೂರದಿಂದ ಬೆಳಕಿನಲ್ಲಿ ಸತ್ತುಹೋಗುತ್ತದೆ. ಚುಕ್ಕೆ ಬಿದ್ದರೆ ಅದಕ್ಕೆ ಒರಟುತನ, ಆಳ ಬರುತ್ತದೆ. ಇದಕ್ಕೆ ಸ್ಪ್ಯಾಟರ್ ಎನ್ನುತ್ತಾರೆ. ನನ್ನ ಡಿಪ್ಲೊಮಾದಲ್ಲಿ ಅದು ಇರಲಿಲ್ಲ.

"ಆ ಬಲಗಡೆ ಮಾಡಿದ್ದು ಭಾರೀ ಲಾಯ್ಕಾಗಿದೆ ಮಾರಾಯ್ತಿ. ಉಳಿದದ್ದೂ ಹಾಗೇ ಮಾಡಿಬಿಡಿ, ನೀವು ಕಾಯಂ" ಎಂದರು ಶೆಣೈ.

ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ನನ್ನದು. ಆ ಒಂದು ನಿಮಿಷ ಮುಚ್ಚಿಕೊಂಡೇ ಇದ್ದೆ. ಆಮೇಲೆ, "ಅದು ಬಸಪ್ಪನವರದು ಸರ್" ಎಂದೆ. ಅವರು ನನ್ನನ್ನು ನೋಡಿದ ಬಗೆಯನ್ನು ಬರೆಯುವುದು ಬೇಡ. "ಹೋಗಿ ಕರ್ಕೊಂಡು ಬನ್ನಿ" ಎಂದರು.

ಬಸಪ್ಪನವರ ಖೋಲಿ ಪರೇಲ್‌ನ ಚಾಳಿನ ಎರಡನೇ ಮಹಡಿಯಲ್ಲಿತ್ತು. ಬಾಗಿಲಲ್ಲೇ ನಿಂತು ತಪ್ಪಾಯಿತೆಂದು ಅತ್ತುಬಿಟ್ಟೆ. ಯಾಕೆ ಮೊದಲೇ ಹೇಳಲಿಲ್ಲ ಎಂದೂ ಕೇಳಿದೆ.

"ನೀವು ಕಲತವರು. ಹೇಳಿಕೊಟ್ರ ನನ್ನ ಜಾಗಾ ಹೋಗ್ತದಂತ ಅನುಮಾನ ಇತ್ತು. ಸುಮ್ನಿದ್ರ ಪರದಿ ಕೆಡ್ತದ, ಹೆಸರು ನಂದೂ ಕೆಡ್ತದ. ಅದಕ್ಕ ನೀವು ಬರೂದ್ರಾಗ ಮಾಡ್ತಿದ್ದೆ."

"ನಾಳೆ ಬನ್ನಿ ಬಸಣ್ಣ. ಶೆಣೈಯವರೇ ಕರೆದಿದ್ದಾರೆ."

"ಕೆಡಿಸಾವ ಅನ್ನಿಸಿಕೊಂಡ ಜಾಗಕ್ಕ ನಾ ಬರೂದಿಲ್ಲ." ಬಾಗಿಲು ಪೂರ್ತಿ ತೆರೆದರು. "ಆದ್ರ ಪರದೀದೇನು ತಪ್ಪು? ಕೂಡ್ರಿ."

ಚಾಳಿನ ಮೊಗಸಾಲೆಯಲ್ಲಿ ಹಳೆಯ ಪೇಪರು ಹಾಸಿ, ಲೋಟದಲ್ಲಿ ಕಾವಿ ಕಲಸಿ, ನನ್ನ ಮಣಿಕಟ್ಟು ಹಿಡಿದು ಎರಚಿಸಿದರು. ಮೊದಲು ತಿಳಿ ಬಣ್ಣ, ಒಣಗಿದ ಮೇಲೆ ಗಾಢ, ಮೂಲೆಗಳಲ್ಲಿ ಹೆಚ್ಚು, ನಡುವೆ ಕಡಿಮೆ. ಸರೇಸಿನ ಹದವನ್ನೂ ಹೇಳಿದರು. ಆರು ತಿಂಗಳು ಬಚ್ಚಿಟ್ಟಿದ್ದನ್ನು ಒಂದು ಗಂಟೆಯಲ್ಲಿ ಕೊಟ್ಟು ಮುಗಿಸಿದರು.

ಶನಿವಾರ ಮಧ್ಯಾಹ್ನದೊಳಗೆ ಗೋಡೆ ಸಿದ್ಧವಾಯಿತು. ಕೆಲಸ ಕಾಯಂ ಆಯಿತು. ಸಂಕ್ರಾಂತಿಗೆ ಎಳ್ಳು ಬೆಲ್ಲ ಹಿಡಿದು ಹೋದಾಗ ಖೋಲಿಯಲ್ಲಿ ಬೇರೆ ಸಂಸಾರವಿತ್ತು. ಬಸಪ್ಪನವರು ಊರಿಗೆ ಹೋದರೆಂದಷ್ಟೇ ತಿಳಿಯಿತು.

ಬರೆದದ್ದನ್ನು ಬರೆದ ದೂರದಿಂದ ಅಳೆಯಬಾರದು, ಕೊನೆಯ ಸಾಲಿಗೆ ಹೋಗಿ ಕೂತು ನೋಡಬೇಕು ಎಂದು ಈ ಕೆಲಸ ನನಗೆ ಕಲಿಸಿತು. ಮನುಷ್ಯರ ವಿಷಯದಲ್ಲೂ ಅದೇ ಸರಿ ಎಂಬುದು ಗೊತ್ತಾಗುವ ಹೊತ್ತಿಗೆ ಬಸಪ್ಪನವರ ಜಾಗದಲ್ಲಿ ನಾನಿದ್ದೆ. ಅಲ್ಲಿಯೇ ಇಪ್ಪತ್ತೆಂಟು ವರ್ಷ ದುಡಿದೆ.